ಗುದ್ದಲಿ ಪೂಜೆಗೆ ಮುನ್ನ ನೀರಿನ ಲೆಕ್ಕ

ಊರಿಗೆ ಕಾರ್ಖಾನೆ ಬಂದರೆ ಹೊಗೆ ಎಷ್ಟು ಎಂದು ಕೇಳುತ್ತೇವೆ. ಕಲ್ಲು ಕ್ವಾರಿ ಬಂದರೆ ದೂಳಿನ ಬಗ್ಗೆ ತಕರಾರು ತೆಗೆಯುತ್ತೇವೆ. ಪಾರ್ಕ್ ಬರುತ್ತದೆಂದರೆ ಮಾತ್ರ ಗುದ್ದಲಿ ಪೂಜೆಗೆ ಹೋಗಿ ಚಪ್ಪಾಳೆ ತಟ್ಟಿ ಬರುತ್ತೇವೆ. ಹಸಿರು ತರುವ ಕೆಲಸದಿಂದಲೂ ಪರಿಸರಕ್ಕೆ ಕೇಡಾದೀತೆಂಬ ಅನುಮಾನ ಯಾರಿಗೂ ಬರುವುದಿಲ್ಲ.

ಆದರೆ ಕಟ್ಟುತ್ತಿರುವುದು ಪಾರ್ಕೋ ಕಲ್ಯಾಣಮಂಟಪವೋ ಎಂದು ಮಳೆ ನೋಡುವುದಿಲ್ಲ. ಜೆಸಿಬಿ ನೆಲ ಕೆದಕಿಟ್ಟ ಹೊತ್ತಿಗೆ ಒಂದು ಜೋರು ಮಳೆ ಸುರಿದರೆ ಸಡಿಲಾದ ಮಣ್ಣೆಲ್ಲ ಚರಂಡಿಗೆ ಇಳಿಯುತ್ತದೆ, ಅಲ್ಲಿಂದ ಕೆರೆಗೆ ಸೇರಿ ಹೂಳಾಗುತ್ತದೆ. ಕಾಮಗಾರಿ ಮುಗಿದ ಮೇಲೆ ಬೇರೆಯದೇ ತೊಂದರೆ. ರೋಲರ್ ಓಡಿಸಿ ಗಟ್ಟಿ ಮಾಡಿದ ನೆಲ, ಅದರ ಮೇಲೆ ಸಿಮೆಂಟಿನ ವಾಕಿಂಗ್ ಪಾತ್, ಸುತ್ತ ಕಾಂಪೌಂಡು. ಬಯಲಾಗಿದ್ದಾಗ ನೆಲ ಕುಡಿಯುತ್ತಿದ್ದ ನೀರು ಈಗ ಪಕ್ಕದ ಬೀದಿಯ ಮನೆಗಳ ಹೊಸಿಲಿಗೆ ಬರುತ್ತದೆ. ಹಳೆಯ ಹಳ್ಳದ ದಾರಿಗೆ ಗೋಡೆ ಅಡ್ಡ ಬಂದಿದ್ದರಂತೂ ಕೇಳುವುದೇ ಬೇಡ.

ಈ ಲೆಕ್ಕ ಕಲಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಚಿತ್ರದುರ್ಗದ ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಮುಂದೆ ಊರೊಳಗಿನ ಸಂತೆ ಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ನೀರು ಎಲ್ಲಿ ನಿಲ್ಲಬೇಕು, ಹೆಚ್ಚಾದರೆ ಎತ್ತ ಹೋಗಬೇಕು ಎಂಬುದನ್ನು ಕಟ್ಟಿದವರು ಮೊದಲೇ ಗೊತ್ತು ಮಾಡಿದ್ದರು. ಮೇಲಿನ ಹೊಂಡದಲ್ಲಿ ಮಣ್ಣು ತಂಗಿದರೆ ಕೆಳಗಿನದಕ್ಕೆ ತಿಳಿನೀರು.

ಇದೇ ಜಿಲ್ಲೆಯ ಹಿರಿಯೂರು, ಯಲ್ಲದಕೆರೆ ಸೀಮೆಯಲ್ಲಿ ಕೆರೆ ಕೋಡಿ ಬೀಳುವುದೆಂದರೆ ಹಬ್ಬ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ಎರಡರ ನಡುವೆ 89 ವರ್ಷ. ಇಲ್ಲಿ ಜನ ಬಾಗಿನ ಬಿಡುತ್ತಿದ್ದ ಅದೇ ತಿಂಗಳು ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ನೀರು ತುಂಬಿ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸಬೇಕಾಯಿತು. ಕಾರಣ ಮಳೆಯೊಂದೇ ಅಲ್ಲ. ರಾಜಧಾನಿಯ ಮಳೆನೀರು ನಿರ್ವಹಣೆಯ ಬಗ್ಗೆ ಮಹಾಲೇಖಪಾಲರು 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ಕೋರಮಂಗಲ ಕಣಿವೆಯಲ್ಲಿ ಕಳೆದ ಶತಮಾನದ ಆರಂಭದಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆಗಳು 2016-17ರ ಹೊತ್ತಿಗೆ 63 ಕಿ.ಮೀ.ಗೆ ಇಳಿದಿದ್ದವು. ದಾರಿ ಮುಚ್ಚಿದ್ದು ನಾವು, ಬೈಗುಳ ಮಳೆಗೆ.

ಕಾನೂನು ಏನು ಹೇಳುತ್ತದೆ? ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆ 1985ರಿಂದಲೇ ಕಾಯ್ದೆಯಿದೆ. ದೊಡ್ಡ ಕಟ್ಟಡಗಳಿಗೆ 2006ರ ಕೇಂದ್ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಆದರೆ ಆ ಅಳತೆ ಶುರುವಾಗುವುದು 20,000 ಚದರ ಮೀಟರ್ ಕಟ್ಟಿದ ಜಾಗದಿಂದ. ಪಾರ್ಕಿನಲ್ಲಿ ಕಟ್ಟಡ ಕಡಿಮೆ, ಅಗೆತ ಹೆಚ್ಚು. ಹಾಗಾಗಿ ಎಷ್ಟೇ ಎಕರೆ ನೆಲ ಅಗೆದರೂ ಅದು ಸಾಮಾನ್ಯವಾಗಿ ಈ ಜರಡಿಯಲ್ಲಿ ಸಿಗುವುದಿಲ್ಲ. ಅಮೆರಿಕದಲ್ಲಿ ಅಳೆಯುವುದು ಕಟ್ಟಡವನ್ನಲ್ಲ, ಅಗೆದ ನೆಲವನ್ನು. ಒಂದು ಎಕರೆಯಷ್ಟು ನೆಲ ಅಗೆದು ಅಲ್ಲಿನ ಮಳೆನೀರು ಹಳ್ಳ ಹೊಳೆಗೆ ಸೇರುವಂತಿದ್ದರೆ, ಪಾರ್ಕ್ ಕಟ್ಟುವವರೂ ಮಳೆನೀರಿನ ಪರವಾನಗಿ ಪಡೆಯಬೇಕು. ಮಣ್ಣು ಆಚೆ ಹೋಗದಂತೆ ತಡೆ ಹಾಕಬೇಕು, ನಿಯಮಿತವಾಗಿ ತಪಾಸಣೆ ಮಾಡಿ ದಾಖಲಿಸಬೇಕು.

ಅಂಥ ಕಾನೂನು ಇಲ್ಲಿಗೆ ಬರಲಿ ಎಂದು ಕಾಯುತ್ತ ಕೂರಬೇಕಿಲ್ಲ. ನಿಮ್ಮ ಬಡಾವಣೆಗೆ ಪಾರ್ಕ್ ಮಂಜೂರಾದರೆ ನಗರಸಭೆಗೋ ಪಂಚಾಯಿತಿಗೋ ಹೋಗಿ ಮೂರು ಪ್ರಶ್ನೆ ಕೇಳಿ. ಈ ಜಾಗದ ನೀರು ಇಷ್ಟು ದಿನ ಎತ್ತ ಹರಿಯುತ್ತಿತ್ತು? ಕೆಲಸ ನಡೆಯುವಾಗ ಮಣ್ಣು ಚರಂಡಿಗೆ ಇಳಿಯದಂತೆ ಏನು ಮಾಡುತ್ತೀರಿ? ಮುಗಿದ ಮೇಲೆ ಎಷ್ಟು ನೆಲ ನೀರು ಕುಡಿಯುವಂತೆ ಉಳಿಯುತ್ತದೆ? ಬೇಸಿಗೆಯಲ್ಲೇ ಅಗೆತ ಮುಗಿಸಿ, ಕಾಂಕ್ರೀಟಿನ ಬದಲು ಮಣ್ಣಿನ ಹಾದಿ ಮಾಡಿ, ತಗ್ಗಿನ ಮೂಲೆಯಲ್ಲಿ ಒಂದು ಇಂಗುಹೊಂಡ ತೋಡಿದರೆ ಖರ್ಚೇನೂ ಆಕಾಶಕ್ಕೇರುವುದಿಲ್ಲ. ಆ ಮೂರು ಪ್ರಶ್ನೆಗಳಿಗೂ ಕಾಗದದ ಮೇಲೆ ಉತ್ತರ ಬರುವ ತನಕ ಗುದ್ದಲಿ ಪೂಜೆಗೆ ಒಪ್ಪಬೇಡಿ.