ಬಿಸಿಲೇರಿದ ಹೊತ್ತಿನಲ್ಲಿ ಅಬ್ರಹಾಮನ ಅಂಗಳ



ಆದಿಕಾಂಡದ 18ನೇ ಅಧ್ಯಾಯವನ್ನು ನಮ್ಮ ವಿಜಯಪುರದ ಏಪ್ರಿಲ್ ತಿಂಗಳಿನಲ್ಲಿ ಕುಳಿತು ಓದಬೇಕು. ಅಬ್ರಹಾಮನು ಮಮ್ರೆಯ ಮರಗಳ ಬಳಿ, ಬಿಸಿಲೇರಿದ ಹೊತ್ತಿನಲ್ಲಿ, ತನ್ನ ಗುಡಾರದ ಬಾಗಿಲಲ್ಲಿ ಕುಳಿತಿದ್ದಾನೆ. ಕೈಯಲ್ಲಿ ಕೆಲಸವಿಲ್ಲ, ಕೆಲಸ ಮಾಡುವ ಹೊತ್ತೂ ಅದಲ್ಲ. ಬಿಸಿಲೇರಿದ ಹೊತ್ತು ಎಂದರೇನೆಂದು ಚಳಿಯ ನಾಡಿನ ಜನರಿಗೆ ವಿವರಿಸಿ ಹೇಳಬೇಕಾದೀತು. ಪಾದರಸ 40 ಡಿಗ್ರಿ ದಾಟುವುದನ್ನು ವರ್ಷವರ್ಷವೂ ಕಾಣುವ ನಮಗೆ, ಮಧ್ಯಾಹ್ನ ಸಿದ್ಧೇಶ್ವರ ಗುಡಿಯ ಸುತ್ತಲಿನ ಬೀದಿಗಳೂ ಸದ್ದಡಗಿ ಕೂರುವುದನ್ನು ಬಲ್ಲವರಿಗೆ, ಆ ವಿವರಣೆ ಬೇಕಿಲ್ಲ.

ಅಂಥ ಹೊತ್ತಿನಲ್ಲಿ ಅಬ್ರಹಾಮನು ಕಣ್ಣೆತ್ತಿ ನೋಡುತ್ತಾನೆ. ಎದುರಿಗೆ ಮೂವರು ನಿಂತಿದ್ದಾರೆ. ಯಾರೋ, ಎಲ್ಲಿಯವರೋ ತಿಳಿಯದು. ಅವನು ಓಡುತ್ತಾನೆ. ಹಿಂದಿನ ಅಧ್ಯಾಯದ ಪ್ರಕಾರ ಅವನಿಗೆ ಆಗ 99 ವರ್ಷ. ಕಾಲು ತೊಳೆಯಲು ನೀರು ತರಿಸುತ್ತಾನೆ, ಮರದ ನೆರಳಿನಲ್ಲಿ ಕೂರಿಸುತ್ತಾನೆ. ಅವಸರದಿಂದ ಗುಡಾರದೊಳಗೆ ಹೋಗಿ ಸಾರಳಿಗೆ ಹಿಟ್ಟು ನಾದಲು ಹೇಳುತ್ತಾನೆ, ಮತ್ತೆ ದನಗಳ ಹಿಂಡಿನತ್ತ ಓಡುತ್ತಾನೆ. ಮೊಸರು, ಹಾಲು, ಅಡಿಗೆ ಎಲ್ಲವನ್ನೂ ಬಡಿಸಿ, ಅವರು ಉಣ್ಣುವಾಗ ತಾನು ಮರದಡಿ ನಿಂತೇ ಇರುತ್ತಾನೆ. ನಮ್ಮ ಹಳ್ಳಿಯ ಹಿರಿಯರು ಬೀಗರಿಗೆ ಬಡಿಸುವಾಗ ನಿಲ್ಲುತ್ತಾರಲ್ಲ, ಹಾಗೆಯೇ. ಬಂದವರು ದೇವರ ಕಡೆಯವರೆಂದು ಅವನಿಗೆ ತಿಳಿದದ್ದು ಆಮೇಲೆ. ವಿಶ್ರಾಂತಿಯ ವೇಳೆಯಲ್ಲಿ ಅವನ ಮುಖ ದಾರಿಯ ಕಡೆಗಿತ್ತು ಎಂಬುದನ್ನು ಮಾತ್ರ ಈ ವಾರ ನಾವು ಗಮನಿಸೋಣ.

ಏಕೆಂದರೆ ಇದು ನಮ್ಮ ಮನೆಗಳಿಗೂ ವಿಶ್ರಾಂತಿಯ ಕಾಲ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಶಾಲೆಗಳಿಗೆ ರಜೆ. ಬೆಳಗಿನ ತಂಪಿನಲ್ಲಿ ಅಮ್ಮಂದಿರು ಮಾಳಿಗೆಯ ಮೇಲೆ ಶಾವಿಗೆ, ಹಪ್ಪಳ, ಸಂಡಿಗೆಗಳನ್ನು ಹರವುತ್ತಾರೆ; ಕಾಗೆ ಓಡಿಸುವ ಕೆಲಸ ಮಕ್ಕಳದ್ದು, ಅರ್ಧ ಸಂಡಿಗೆ ಹಸಿಯಾಗಿಯೇ ಅವರ ಹೊಟ್ಟೆ ಸೇರುವುದೂ ಉಂಟು. ಅಪ್ಪಂದಿರು ತೊಗರಿ ಕಟ್ಟಿಗೆಯಿಂದ ಅಂಗಳಕ್ಕೆ ಹಂದರ ಹಾಕುತ್ತಾರೆ, ಹಳೆಯ ಸೈಕಲ್ಲಿಗೆ ಎಣ್ಣೆ ಬಿಡುತ್ತಾರೆ, ಬಚ್ಚಲ ನೀರನ್ನು ನುಗ್ಗೆ ಕರಿಬೇವಿನ ಬುಡಕ್ಕೆ ತಿರುಗಿಸುತ್ತಾರೆ. ಸಂಜೆಯಾದರೆ ಕ್ರಿಕೆಟ್, ಮೊದಲು ಓಣಿಯಲ್ಲಿ, ಆಮೇಲೆ ಟಿ.ವಿ.ಯಲ್ಲಿ. ಮೇ ತಿಂಗಳು ಮಾತೆ ಮರಿಯಮ್ಮನವರ ತಿಂಗಳಾದ್ದರಿಂದ ಮನೆಮನೆಯಲ್ಲಿ ಜಪಸರವೂ ಇರುತ್ತದೆ. ಜಪಸರದ ವೇಳೆಗೇ ಪಂದ್ಯವೂ ಬಿಸಿಯೇರುವುದನ್ನು ಯಾವ ಗುರುಗಳಿಗೂ ಬಿಡಿಸಿ ಹೇಳಬೇಕಾಗಿಲ್ಲ. "ತಡಿಯವ್ವಾ, ಎರಡ ಓವರ್ ಅದಾವ" ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುವುದಿಲ್ಲ!

ಇದನ್ನೆಲ್ಲ ಕಾಲಹರಣವೆಂದು ಬೈಯುವುದು ಈ ಬರಹದ ಉದ್ದೇಶವಲ್ಲ. ಪ್ರೇಷಿತರು ದಣಿದು ಬಂದಾಗ ಪ್ರಭು ಯೇಸು ಅವರನ್ನು ಏಕಾಂತ ಸ್ಥಳಕ್ಕೆ ಕರೆದು, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದರು; ಸಂತ ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಇದಿದೆ. ಪ್ರವಾದಿ ಜೆಕರ್ಯನು ಉದ್ಧಾರವಾದ ಜೆರುಸಲೇಮನ್ನು ಕಂಡಾಗ, ಅದರ ಬೀದಿಗಳ ತುಂಬ ಆಡುವ ಹುಡುಗ ಹುಡುಗಿಯರನ್ನೇ ಕಂಡನು. ಸಂತ ಪೌಲನಿಗೆ ಓಟದ ಸ್ಪರ್ಧೆಯ ಪರಿಚಯ ಚೆನ್ನಾಗಿತ್ತು. ಇಲ್ಲದಿದ್ದರೆ ಕೊರಿಂಥದವರಿಗೆ ಆ ಉಪಮೆ ಹೇಳುತ್ತಿರಲಿಲ್ಲ. ಬೀದಿಯ ಹುಡುಗರನ್ನು ಆಟದ ಮೂಲಕವೇ ದೇವರ ಕಡೆಗೆ ಕರೆತಂದ ಸಂತ ಜಾನ್ ಬೋಸ್ಕೊ ಅವರ ಕಥೆ ನಿಮಗೆ ಗೊತ್ತೇ ಇದೆ.

ಅವರದೇ ಸಲೇಸಿಯನ್ ಸಭೆಯ ಗುರುಗಳೊಬ್ಬರ ಕಥೆ ನಮ್ಮಲ್ಲಿ ಅಷ್ಟು ಪರಿಚಿತವಲ್ಲ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಅಲ್ಮಾಗ್ರೊ ಎಂಬ ಬಡಾವಣೆ. ಅಲ್ಲಿನ ಹುಡುಗರು ರಸ್ತೆಯಲ್ಲೇ ಚೆಂಡು ಒದೆಯುತ್ತಿದ್ದರು. ಒಂದು ದಿನ ಒಬ್ಬ ಹುಡುಗ ಟ್ರಾಮಿನಡಿ ಸಿಕ್ಕುವುದು ಸ್ವಲ್ಪದರಲ್ಲಿ ತಪ್ಪಿತು. ಅದನ್ನು ಕಂಡ ಫಾದರ್ ಲೊರೆಂಜೊ ಮಸ್ಸಾ ದೇವಾಲಯದ ಹಿತ್ತಲನ್ನೇ ಅವರಿಗೆ ಬಿಟ್ಟುಕೊಟ್ಟರು. ಅವರ ಷರತ್ತು ಒಂದೇ: ಭಾನುವಾರ ದೇವಾಲಯಕ್ಕೂ ಬರಬೇಕು. ಆ ಹಿತ್ತಲಿನಿಂದ 1908ರಲ್ಲಿ ಹುಟ್ಟಿದ ತಂಡವೇ ಸ್ಯಾನ್ ಲೊರೆಂಜೊ. ಆ ತಂಡದ ಅಭಿಮಾನಿಯಾಗಿ ಬೆಳೆದ ಹುಡುಗನೊಬ್ಬ, ತಂದೆಯ ಜೊತೆ ಮೈದಾನಕ್ಕೆ ಹೋಗುತ್ತಿದ್ದವನು, 2013ರಲ್ಲಿ ವಿಶ್ವಗುರು ಫ್ರಾನ್ಸಿಸ್ ಆದರು. 2014ರಲ್ಲಿ ಸ್ಯಾನ್ ಲೊರೆಂಜೊ ದಕ್ಷಿಣ ಅಮೆರಿಕದ ದೊಡ್ಡ ಪ್ರಶಸ್ತಿಯಾದ ಕೋಪಾ ಲಿಬರ್ಟಡೋರಸ್ ಗೆದ್ದಾಗ, ಆಟಗಾರರು ಕಪ್ಪನ್ನು ವ್ಯಾಟಿಕನ್ನಿಗೇ ತಂದು ಅವರ ಕೈಗಿತ್ತರು.

ಅಂಥ ಅಭಿಮಾನಿ ಟಿ.ವಿ.ಯನ್ನೇ ನೋಡುತ್ತಿರಲಿಲ್ಲ. 1990ರ ಜುಲೈ 15ರಂದು ಮಾತೆ ಮರಿಯಮ್ಮನವರಿಗೆ ಹರಕೆ ಹೊತ್ತು ಟಿ.ವಿ. ಬಿಟ್ಟಿದ್ದರು. ತಮ್ಮ ತಂಡ ಗೆದ್ದಿತೋ ಸೋತಿತೋ ಎಂಬುದನ್ನು ಅಂಗರಕ್ಷಕ ದಳದವನೊಬ್ಬನು ತಿಳಿಸುತ್ತಿದ್ದನಂತೆ. 2025ರ ಏಪ್ರಿಲ್ 21ರಂದು ತೀರಿಕೊಳ್ಳುವವರೆಗೂ ಅವರು ಆ ತಂಡದ ಸದಸ್ಯರೇ. ಅಭಿಮಾನವನ್ನು ಬಿಡದೆಯೂ ಅದರ ಹಗ್ಗವನ್ನು ತಮ್ಮ ಕೈಯಲ್ಲಿಟ್ಟುಕೊಂಡಿದ್ದರು. ಅವರ ನಂತರ ಬಂದ ವಿಶ್ವಗುರು 14ನೇ ಲಿಯೋ ಅವರೂ ಷಿಕಾಗೋದ ಬೇಸ್‌ಬಾಲ್ ತಂಡವೊಂದರ ಹಳೆಯ ಅಭಿಮಾನಿ. ಆದ್ದರಿಂದ ತಂಡವನ್ನು ಮೆಚ್ಚುವುದು ಪಾಪವೆಂದು ಯಾರೂ ಹೆದರಬೇಕಿಲ್ಲ.

ಈಗ ನಮ್ಮೂರಿಗೇ ಬರೋಣ. ಎಡಗೈ ಸ್ಪಿನ್ ಬೌಲರ್ ರಾಜೇಶ್ವರಿ ಗಾಯಕವಾಡ ವಿಜಯಪುರದ ಮಗಳು. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ವಿಶ್ವಕಪ್ ಪಂದ್ಯ, ಎದುರಾಳಿ ನ್ಯೂಜಿಲೆಂಡ್. ಅವರು 15 ರನ್ನಿಗೆ 5 ವಿಕೆಟ್ ಕಿತ್ತರು. ಎದುರಾಳಿ ತಂಡ 79ಕ್ಕೆ ಮುಗಿಯಿತು. ಇಡೀ ದೇಶ ಆ ಹೆಸರನ್ನು ಹೇಳಿತು. ಎಂಟು ದಿನ ಕಳೆದು, ಜುಲೈ 23ರಂದು ಲಾರ್ಡ್ಸ್ ಮೈದಾನದಲ್ಲಿ ಫೈನಲ್. ಗೆಲ್ಲಲು 229 ಬೇಕಿತ್ತು, 219ಕ್ಕೆ ನಮ್ಮವರು ಆಲೌಟ್. ಕೊನೆಯದಾಗಿ ಬಿದ್ದ ವಿಕೆಟ್ ಇದೇ ರಾಜೇಶ್ವರಿಯದು, ಒಂದೂ ರನ್ ಇಲ್ಲದೆ. ಡರ್ಬಿಯಲ್ಲಿ ಹೊತ್ತು ಕುಣಿಸಿದವಳನ್ನು ಲಾರ್ಡ್ಸ್‌ನಲ್ಲಿ ಮನೆಮಗಳೆಂದು ಹೇಳಿಕೊಳ್ಳಲು ಹಿಂಜರಿದರೆ, ಆ ಮೊದಲ ಪ್ರೀತಿಗೆ ಏನು ಬೆಲೆ? ಗರಿಗಳನ್ನು ಹಿಡಿದು ಪ್ರಭುವನ್ನು ಸ್ವಾಗತಿಸಿದ ಊರು ವಾರದೊಳಗೆ ಹೇಗೆ ತಿರುಗಿತೆಂಬುದನ್ನು ಪ್ರತಿ ವರ್ಷ ಪವಿತ್ರ ವಾರದಲ್ಲಿ ಓದುವವರು ನಾವು. ಜನಜಂಗುಳಿಯ ಪ್ರೀತಿಯ ಆಯಸ್ಸು ನಮಗೆ ಗೊತ್ತಿರಬೇಕು. ಆ ವರ್ಷ ನಮ್ಮ ಜಿಲ್ಲೆಯ ಸಚಿವರು ಆಕೆಗೆ ಕಾರು ಕೊಡಲು ಮುಂದಾದರು. ಕಾರಿಗಿಂತ ತನ್ನ ಕುಟುಂಬಕ್ಕೆ ಮನೆಯೊಂದು ಬೇಕಾಗಿದೆ ಎಂದು ಆಕೆ ಕೇಳಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಚಪ್ಪಾಳೆಯ ನಡುವೆಯೂ ಆ ಹುಡುಗಿಯ ಕಣ್ಣು ಮನೆಯವರ ಮೇಲಿತ್ತು. ಮುಂದೆ 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ವಿಶ್ವಕಪ್ ಗೆದ್ದಾಗ ರಾಜೇಶ್ವರಿ ಆ ತಂಡದಲ್ಲಿರಲಿಲ್ಲ. ಆದರೂ ಆ ರಾತ್ರಿ ನೆನೆಯಬೇಕಾದವರಲ್ಲಿ ಆಕೆಯೂ ಒಬ್ಬರು.

ಅದೇ 2025ರ ಇನ್ನೊಂದು ದಿನವನ್ನು ಹೇಳದೆ ಮುಂದೆ ಹೋಗಲಾಗದು. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡ, ಹದಿನೆಂಟನೇ ಸಲದ ಪ್ರಯತ್ನದಲ್ಲಿ, ಮೊದಲ ಬಾರಿಗೆ ಐ.ಪಿ.ಎಲ್. ಗೆದ್ದಿತು. ವಿಜಯಪುರದಲ್ಲೂ ತಿಕೋಟಾದಲ್ಲೂ ಪಟಾಕಿ ಹಾರಿಸದ ಓಣಿ ಕಡಿಮೆ. ಮರುದಿನ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಬಹುತೇಕ ಎಲ್ಲರೂ ಎಳೆಯರು. ಶಾಲೆಗೆ ಹೋಗುವ ಬಾಲಕಿಯೂ ಇದ್ದಳು. ಹೊರಗೆ ಹೀಗಾಗುತ್ತಿರುವಾಗ ಒಳಗೆ ಸಂಭ್ರಮ ನಡೆಯುತ್ತಲೇ ಇತ್ತು. ಯಾರ ತಪ್ಪು ಎಷ್ಟು ಎಂಬುದನ್ನು ಅಳೆಯುವುದು ನ್ಯಾಯಾಲಯದ ಕೆಲಸ. ನಮ್ಮ ಮುಂದಿರುವ ಪ್ರಶ್ನೆ ಬೇರೆ. ಹರ್ಷದಿಂದ ಓಡುವವನಿಗೆ ತನ್ನ ಮೊಣಕೈಯಡಿ ಉಸಿರುಗಟ್ಟುತ್ತಿರುವ ಮಗು ಕಾಣದೆ ಹೋಗುವುದು ಹೇಗೆ? ಅವನು ಕೆಟ್ಟವನಲ್ಲ. ಅವನ ಮುಖ ಒಂದೇ ಕಡೆಗೆ ತಿರುಗಿತ್ತು, ಅಷ್ಟೆ. ಅಬ್ರಹಾಮನೂ ಓಡಿದನು, ಆದರೆ ಅವನ ಓಟ ಇನ್ನೊಬ್ಬರ ದಣಿವನ್ನು ಕಂಡು ಹೊರಟದ್ದು.

ಈ ಒಂದೇ ಕಡೆಗೆ ತಿರುಗಿದ ಮುಖವನ್ನು ನೋಡಲು ಬೆಂಗಳೂರಿಗೇ ಹೋಗಬೇಕಿಲ್ಲ. ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲ್ ನಿಲ್ಲಿಸಿಕೊಂಡು, ತಾಯಿ ಎರಡನೇ ರೊಟ್ಟಿ ಹಾಕಿದ್ದೂ ತಿಳಿಯದ ಮಗನಲ್ಲಿ ಅದಿದೆ. ಬೆಟ್ಟಿಂಗ್ ಎಂಬ ರೋಗದಲ್ಲಿ ಇನ್ನೂ ಹೆಚ್ಚಾಗಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿದೆ. ಒಳ್ಳೆಯದಾಯಿತು. ಆದರೆ ಚಹಾ ಅಂಗಡಿಯ ಹಿಂದೆ ಬಾಯಿಮಾತಿನಲ್ಲಿ ಕಟ್ಟುವ ಪಣಕ್ಕೆ ಯಾವ ಆ್ಯಪೂ ಬೇಕಿಲ್ಲ. ಬೀಜಕ್ಕೆಂದು ತೆಗೆದಿಟ್ಟ ದುಡ್ಡು, ತಂಗಿಯ ಫೀಜಿನ ದುಡ್ಡು ಒಂದು ಓವರಿನಲ್ಲಿ ಹೋಗುತ್ತದೆ. ಹೋದದ್ದನ್ನು ಮನೆಯಲ್ಲಿ ಹೇಳಲಾಗದೆ ಹುಡುಗ ಮತ್ತೆ ಕಟ್ಟುತ್ತಾನೆ. ತಂದೆತಾಯಂದಿರಲ್ಲಿ ಒಂದು ವಿನಂತಿ: ಮಗ ಸಾಲದ ಮಾತೆತ್ತಿದ ದಿನ ಮೊದಲು ಕೂರಿಸಿ ನೀರು ಕೊಡಿ, ಆಮೇಲೆ ಕೇಳಿ. ಬೈಗುಳಕ್ಕೆ ನಾಳೆಯೂ ಸಮಯವಿದೆ. ಹೇಳಲು ಬಾಗಿಲೇ ಇಲ್ಲವೆಂದು ತೋರಿದಾಗಲೇ ಮಕ್ಕಳು ಅನಾಹುತ ಮಾಡಿಕೊಳ್ಳುವುದು.

ಇನ್ನೊಂದು ಮಾತು. ಬೇಸಿಗೆ ಎಲ್ಲರಿಗೂ ರಜೆಯಲ್ಲ. ತಿಕೋಟಾ, ಬಬಲೇಶ್ವರ ಭಾಗದಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿಯ ಸುಗ್ಗಿ. ಕೊಯ್ದ ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡುಗಳ ಬಲೆಗಳ ಮೇಲೆ ನೆರಳಿನಲ್ಲಿ ಹರವಿ, ಎರಡು ವಾರದ ಹೊತ್ತಿಗೆ ಒಣದ್ರಾಕ್ಷಿ ಮಾಡುತ್ತಾರೆ. ಹಣ್ಣಿಗೆ ನೆರಳುಂಟು, ಕೊಯ್ಯುವವರಿಗೆ, ಹೊರುವವರಿಗೆ ಅಷ್ಟಿಲ್ಲ. ಅವರ ಮಕ್ಕಳ ಬೇಸಿಗೆ ಶಿಬಿರ ಆ ಶೆಡ್ಡಿನ ಮೂಲೆಯೇ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಸಬ್ಬತ್ತಿನ ಆಜ್ಞೆಯನ್ನು ಕೊಡುವಾಗ ದೇವರು ಯಜಮಾನನ ವಿಶ್ರಾಂತಿಗಷ್ಟೇ ನಿಲ್ಲುವುದಿಲ್ಲ. ಆಳು, ದಾಸಿ, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ ಎಲ್ಲರನ್ನೂ ಹೆಸರಿಸುತ್ತಾರೆ. ನಿಮ್ಮ ತೋಟವಿದ್ದರೆ ಮಧ್ಯಾಹ್ನದ ಮೂರು ತಾಸು ಕೆಲಸ ನಿಲ್ಲಿಸಿ ಬೆಳಗ್ಗೆ ಬೇಗ ಆರಂಭಿಸಬಹುದು. ತೋಟವಿಲ್ಲದವರ ಮನೆಗೂ ಸಿಲಿಂಡರ್ ಹೊತ್ತು ತರುವವನು, ಅಂಚೆಯವನು, ಕಸದ ಗಾಡಿಯ ತಾಯಿ ಬಂದೇ ಬರುತ್ತಾರೆ. ಮಜ್ಜಿಗೆಯ ತಂಬಿಗೆ ಬಾಗಿಲ ಬಳಿ ಇರಲಿ.

ಇದು ಈ ನೆಲಕ್ಕೆ ಹೊಸದೇನೂ ಅಲ್ಲ. ಇಬ್ರಾಹಿಂ ಆದಿಲ್‌ಷಾನ ಕಾಲದಲ್ಲಿ, 1620ರ ಸುಮಾರಿಗೆ, ತಾಜ್ ಬಾವಡಿ ಕಟ್ಟಿದವರು ನೀರನ್ನಷ್ಟೇ ಯೋಚಿಸಲಿಲ್ಲ. ಎರಡೂ ಬದಿಯಲ್ಲಿ ದಾರಿಹೋಕರು ತಂಗಲು ಕೋಣೆಗಳನ್ನೂ ಕಟ್ಟಿಸಿದರು. ಬಿಸಿಲು ಶುರುವಾದೊಡನೆ ಅರವಟ್ಟಿಗೆ ಇಡುವವರು ಇಂದಿಗೂ ನಮ್ಮ ನೆರೆಹೊರೆಯಲ್ಲಿದ್ದಾರೆ, ಎಲ್ಲ ಮತದವರೂ. 2016ರಲ್ಲಿ ಆರಂಭವಾದ ಕೋಟಿ ವೃಕ್ಷ ಅಭಿಯಾನದಿಂದ ಜಿಲ್ಲೆಯ ಎಷ್ಟೋ ರಸ್ತೆಗಳ ಬದಿಗೆ ಗಿಡಗಳು ಬಂದಿವೆ. ರಜೆಯಲ್ಲಿ ಮಕ್ಕಳ ಕೈಗೆ ಏನು ಕೆಲಸ ಕೊಡುವುದೆಂದು ಕೇಳುವವರು ಒಂದು ಬೇವಿನ ಸಸಿಯನ್ನು ಕೊಡಬಹುದು. ನೆಡುವುದಕ್ಕೆ ಮಳೆ ಬರಲಿ. ಈಗ ಗುಂಡಿ ತೋಡಿ, ಗೊಬ್ಬರ ಹಾಕಿ, ಮುಳ್ಳುಬೇಲಿ ಹೆಣೆದಿಡಲಿ. ಸಾಧ್ಯವಾದರೆ ಕಾಂಪೌಂಡಿನ ಹೊರಗೆ, ರಸ್ತೆಯ ಬದಿಗೆ. ಓಣಿಯ ಹುಡುಗರ ಚೆಂಡು ನಿಮ್ಮ ಅಂಗಳಕ್ಕೆ ಬಿದ್ದರೆ ಅದನ್ನು ಮರಳಿ ಎಸೆಯುವ ಮುನ್ನ ಅವರ ಹೆಸರು ಕೇಳಿ.

ಅಬ್ರಹಾಮನ ಕಥೆ ಊಟದೊಂದಿಗೆ ಮುಗಿಯುವುದಿಲ್ಲ. ಅತಿಥಿಗಳು ಎದ್ದಾಗ ಅವರನ್ನು ಕಳುಹಿಸಲು ಅವನೂ ಸ್ವಲ್ಪ ದೂರ ಹೋಗುತ್ತಾನೆ. ಆ ದಾರಿ ಸೊದೋಮಿನ ಕಡೆಗಿದೆ. ನಗರ ನಾಶವಾಗಲಿದೆಯೆಂದು ತಿಳಿದದ್ದು ಆಗ. ಆಗ ಅವನು ದೇವರ ಮುಂದೆ ನಿಂತು, ಐವತ್ತು ಮಂದಿ ನೀತಿವಂತರಿದ್ದರೆ, ನಲವತ್ತೈದು ಇದ್ದರೆ, ಹತ್ತೇ ಇದ್ದರೆ ಎಂದು, ತನ್ನದಲ್ಲದ ಆ ಊರಿಗಾಗಿ ಸಂತೆಯಲ್ಲಿ ಚೌಕಾಸಿ ಮಾಡುವವನಂತೆ ಬೇಡಿಕೊಳ್ಳುತ್ತಾನೆ. ಈ ಬಾರಿ ಜೂನ್ 4ರ ಸಂಜೆ ಮನೆಯಲ್ಲಿ ಜಪಸರಕ್ಕೆ ಕುಳಿತಾಗ, ಒಂದು ಹತ್ತು ಮಣಿಗಳನ್ನು ಚಿನ್ನಸ್ವಾಮಿಯ ಬಾಗಿಲಲ್ಲಿ ತೀರಿಹೋದ ಆ 11 ಮಂದಿಗಾಗಿ, ಅವರ ತಾಯಿತಂದೆಯರಿಗಾಗಿ ಹೇಳೋಣ. ಪಂದ್ಯ ನೋಡುವ ಮಕ್ಕಳೇ ಅದನ್ನು ಮುನ್ನಡೆಸಲಿ.