ಹಸುಗೂಸಿನ ತಲೆಗೆ ಕಟ್ಟಿದ ಪಾಪ

ಉತ್ತರ ಆಫ್ರಿಕಾದ ತಗಾಸ್ತೆ, ಅಂದರೆ ಈಗಿನ ಅಲ್ಜೀರಿಯಾದ ಸೂಕ್ ಅಹ್ರಾಸ್. 370ರ ಹೊತ್ತಿಗೆ ಆ ಊರಿನ ಹದಿನಾರರ ಹುಡುಗನೊಬ್ಬ ಗೆಳೆಯರನ್ನು ಕಟ್ಟಿಕೊಂಡು ರಾತ್ರಿ ಪರರ ಪೇರ್ ಮರಕ್ಕೆ ನುಗ್ಗಿದ. ಹಸಿವೇನೂ ಇರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಅವನ ಮನೆಯಲ್ಲೇ ಇತ್ತು. ಕಿತ್ತದ್ದರಲ್ಲಿ ಹೆಚ್ಚಿನದು ಹಂದಿಗಳ ಪಾಲಾಯಿತು. ಕಾಲು ಶತಮಾನ ಕಳೆದು ಹಿಪ್ಪೋ ನಗರದ ಧರ್ಮಾಧ್ಯಕ್ಷನಾಗಿದ್ದಾಗಲೂ ಅಗಸ್ಟೀನನಿಗೆ ಆ ರಾತ್ರಿ ಮರೆತಿರಲಿಲ್ಲ. ಕೊಲೆಗಾರನಿಗೂ ಒಂದು ಕಾರಣ ಇರುತ್ತದೆ, ನನಗೆ ಯಾವ ಕಾರಣ ಇತ್ತು ಎಂದು ತನ್ನ ಆತ್ಮನಿವೇದನೆಯಲ್ಲಿ ಅವನು ಪುಟಗಟ್ಟಲೆ ಕೇಳಿಕೊಳ್ಳುತ್ತಾನೆ. ಹಣ್ಣು ಕದ್ದದ್ದಕ್ಕೆ ಇಷ್ಟೇಕೆ ಎಂದು ಅನೇಕರು ನಕ್ಕಿದ್ದಾರೆ. ನನಗೆ ನಗು ಬರುವುದಿಲ್ಲ. ಲಾಭವಿಲ್ಲದ ಕೆಡುಕಿನಲ್ಲೇ ಕೆಡುಕಿನ ನಿಜವಾದ ಮುಖ ಕಾಣುವುದು.

ಯೌವನದಲ್ಲಿ ಸುಮಾರು ಒಂಬತ್ತು ವರ್ಷ ಅವನು ಮಾನಿಯ ಪಂಥದಲ್ಲಿದ್ದ. ಮೂರನೆಯ ಶತಮಾನದ ಪರ್ಷಿಯಾದಲ್ಲಿ ಮಾನಿ ಬೋಧಿಸಿದ ಪ್ರಕಾರ ಬೆಳಕು ಮತ್ತು ಕತ್ತಲು ಎರಡೂ ಅನಾದಿ. ನನ್ನೊಳಗೆ ತಪ್ಪು ಮಾಡುವುದು ಕತ್ತಲಿನ ಅಂಶ, ನಾನಲ್ಲ. ಎಷ್ಟು ಹಾಯಾದ ಮಾತು! ಅಗಸ್ಟೀನ್ ಆ ಹಾಯಿಯನ್ನೇ ಅನುಮಾನಿಸಿ ಹೊರಬಂದ. ಮಿಲಾನಿನಲ್ಲಿ ಧರ್ಮಾಧ್ಯಕ್ಷ ಅಂಬ್ರೋಸನ ಪ್ರವಚನ ಕೇಳಿದ, ಪ್ಲೇಟೋನ ಪರಂಪರೆಯ ಗ್ರಂಥಗಳನ್ನು ಓದಿದ. ಕೆಡುಕು ಎಂಬುದು ಒಂದು ವಸ್ತುವಲ್ಲ, ಕುರುಡು ಎಂದರೆ ದೃಷ್ಟಿಯ ಇಲ್ಲದಿರುವಿಕೆ ಹೇಗೋ ಹಾಗೆ ಅದು ಒಳಿತಿನ ಕೊರತೆ ಎಂಬ ತಿಳಿವು ಅಲ್ಲಿ ಸಿಕ್ಕಿತು. 387ರಲ್ಲಿ ದೀಕ್ಷಾಸ್ನಾನ ಪಡೆದು, ಮರುವರ್ಷ ಇಚ್ಛಾಸ್ವಾತಂತ್ರ್ಯದ ಕುರಿತ ಸಂವಾದಗ್ರಂಥಕ್ಕೆ ಕೈಹಾಕಿದ. ದೇವರು ಕೆಡುಕನ್ನು ಸೃಷ್ಟಿಸಲಿಲ್ಲ. ಮೇಲಿನದನ್ನು ಬಿಟ್ಟು ಕೆಳಗಿನದಕ್ಕೆ ಹೊರಳುವ ನಮ್ಮ ಇಚ್ಛೆಯೇ ಅದರ ಮೂಲ ಎಂಬುದು ಅಲ್ಲಿನ ವಾದ. ಅವನಿಗೂ ಮೊದಲೇ ಇರೆನೇಯಸ್, ಓರಿಜೆನ್ ಮುಂತಾದ ಕ್ರೈಸ್ತ ಚಿಂತಕರು ವಿಧಿವಾದಿಗಳ ಎದುರು ಇದೇ ಸ್ವಾತಂತ್ರ್ಯದ ಪರ ನಿಂತಿದ್ದರು. ಆಯ್ಕೆಯೇ ಇಲ್ಲದವನನ್ನು ಹೊಗಳುವುದೂ ಸಲ್ಲ, ದೂರುವುದೂ ಸಲ್ಲ.

ಆದರೆ ಅಗಸ್ಟೀನ್ ತನ್ನ ಮನಸ್ಸನ್ನೇ ಇನ್ನೂ ಆಳವಾಗಿ ಅಗೆದ. ಕೈಯನ್ನು ಎತ್ತು ಎಂದರೆ ಕೈ ಏಳುತ್ತದೆ, ಮನಸ್ಸಿಗೆ ಬದಲಾಗು ಎಂದರೆ ಅದು ಮಿಸುಕುವುದಿಲ್ಲ. ಮೊದಲು ಇಚ್ಛೆ, ಅದು ಪಳಗಿ ಚಟ, ಚಟವನ್ನು ತಡೆಯದೆ ಬಿಟ್ಟರೆ ಸಂಕೋಲೆ. ಕುಡಿತ ಬಿಡಲು ನಾಲ್ಕಾರು ಸಲ ಆಣೆ ಮಾಡಿದವನ ಪಕ್ಕದಲ್ಲಿ ಕುಳಿತವರು ಯಾರೂ ಇದನ್ನು ಅಲ್ಲಗಳೆಯಲಾರರು. ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಪೆಲಾಗಿಯಸನಿಗೆ ಈ ಮಾತು ಸೋಮಾರಿಗಳಿಗೆ ನೆಪ ಒದಗಿಸುವಂತೆ ಕಂಡಿತು. ದೇವರು ಅಸಾಧ್ಯವಾದದ್ದನ್ನು ಆಜ್ಞಾಪಿಸುವುದಿಲ್ಲ, ಆಜ್ಞೆ ಇದೆ ಎಂದ ಮೇಲೆ ಪಾಲಿಸುವ ಶಕ್ತಿಯೂ ಇದೆ ಎಂಬುದು ಅವನ ನಿಲುವು. ಅದರ ನೈತಿಕ ಗಾಂಭೀರ್ಯ ದೊಡ್ಡದು. ಆದರೂ ಪ್ರತಿದಿನ ಬೆಳಿಗ್ಗೆ ತಕ್ಕಡಿಯ ಮುಳ್ಳು ತಾನಾಗಿ ನಡುವಿಗೆ ಬಂದು ನಿಲ್ಲುತ್ತದೆಂದು ಅವನು ನಂಬಿದ. ನಿನ್ನೆಯ ಭಾರ ಇವತ್ತಿನ ತಟ್ಟೆಯಲ್ಲೇ ಉಳಿದಿರುತ್ತದೆ.

ಇಲ್ಲಿಯವರೆಗೆ ನಾನು ಅಗಸ್ಟೀನನ ಕಡೆ. ದಾರಿ ಬೇರೆಯಾಗುವುದು ಹಸುಗೂಸುಗಳ ಪ್ರಶ್ನೆಯಲ್ಲಿ. ಪಾಪಕ್ಷಮೆಗಾಗಿ ಕೊಡುವ ದೀಕ್ಷಾಸ್ನಾನವನ್ನು ಶಿಶುಗಳಿಗೂ ಕೊಡುತ್ತಿದ್ದರು. ಆ ಶಿಶು ಮಾಡಿದ ಪಾಪವಾದರೂ ಯಾವುದು? ಆದಾಮನಲ್ಲಿ ಎಲ್ಲರೂ ಪಾಪ ಮಾಡಿದರು, ಅಪರಾಧವೇ ವಂಶಕ್ಕೆ ಇಳಿದು ಬಂದಿದೆ ಎಂದ ಅಗಸ್ಟೀನ್. ಇದಕ್ಕೆ ಅವನು ನೆಚ್ಚಿದ ಮುಖ್ಯ ಆಧಾರಗಳಲ್ಲೊಂದು ಪೌಲನು ರೋಮನ್ನರಿಗೆ ಬರೆದ ಪತ್ರದ ಲ್ಯಾಟಿನ್ ಅನುವಾದ. ಗ್ರೀಕ್ ಮೂಲದಲ್ಲಿ ‘ಎಲ್ಲರೂ ಪಾಪ ಮಾಡಿದ್ದರಿಂದ’ ಎಂದು ಓದಬಹುದಾದದ್ದು ಲ್ಯಾಟಿನ್‌ನಲ್ಲಿ ‘ಅವನಲ್ಲಿ ಎಲ್ಲರೂ’ ಎಂದಾಗಿತ್ತು. ಗ್ರೀಕ್ ಓದಿಕೊಂಡಿದ್ದ ಪೂರ್ವದ ಸಭೆಗಳು ಮರಣ ಇಳಿದುಬಂತು ಎಂದವು, ಅಪರಾಧ ಇಳಿದುಬಂತು ಎನ್ನಲಿಲ್ಲ. 418ರ ಕಾರ್ಥೇಜ್ ಸಭೆ ಪೆಲಾಗಿಯಸನ ಬೋಧನೆಯನ್ನು ಖಂಡಿಸಿತು. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸಿಗೆ ಅತಿ ಸೌಮ್ಯವಾದದ್ದಾದರೂ ಶಿಕ್ಷೆ ಇದ್ದೇ ಇದೆ ಎಂಬುದು ಅಗಸ್ಟೀನನ ತೀರ್ಮಾನ.

ಅವನ ತರ್ಕದ ಎಳೆ ಹೀಗಿದೆ: ಕೂಸುಗಳು ನರಳುತ್ತವೆ, ದೇವರು ನ್ಯಾಯವಂತ, ಆದ್ದರಿಂದ ಕೂಸುಗಳಲ್ಲಿ ತಪ್ಪಿರಲೇಬೇಕು. ‘ಪೂರ್ವಜನ್ಮದ ಪಾಪ’ ಎಂಬ ಮಾತು ಕೇಳಿ ಬೆಳೆದ ನಮಗೆ ಈ ತರ್ಕ ಹೊಸದಲ್ಲ. ಲೋಕದ ಲೆಕ್ಕ ಸರಿಹೋಗಬೇಕೆಂದು ನರಳುವವರ ಹೆಸರಿಗೇ ಸಾಲ ಬರೆಯುವ ಪದ್ಧತಿ ಇದು. ಇಚ್ಛೆಯೇ ಕೆಡುಕಿನ ಮೂಲ ಎಂದಿದ್ದವನು ಇನ್ನೂ ಇಚ್ಛೆ ಮೂಡದ ಜೀವವನ್ನು ದೋಷಿ ಎಂದ. ಎಕ್ಲಾನಮ್‌ನ ಧರ್ಮಾಧ್ಯಕ್ಷನಾಗಿದ್ದ ಜೂಲಿಯನ್ ಪದವಿ ಕಳೆದುಕೊಂಡ ಮೇಲೂ ಇದನ್ನೇ ಎತ್ತಿ ಹೇಳಿದ: ಕೂಸನ್ನು ದಂಡಿಸುವವನನ್ನು ನ್ಯಾಯವಂತ ಎನ್ನಲಾಗದು. ಈ ಒಂದು ವಿಷಯದಲ್ಲಿ ಜೂಲಿಯನ್ನೇ ಸರಿ.

ಇನ್ನೊಂದು ಜಾರುವಿಕೆಯೂ ಇದೆ. ಸಭೆಯಿಂದ ಒಡೆದು ಬೇರೆಯಾಗಿದ್ದ ದೊನಾತಿಸ್ಟರೆಂಬ ಕ್ರೈಸ್ತರನ್ನು ಮಾತಿನಿಂದ ಮಾತ್ರ ಒಲಿಸಬೇಕು ಎಂದು ಮೊದಲು ನಂಬಿದ್ದ ಅಗಸ್ಟೀನ್, ಚಕ್ರವರ್ತಿಯ ಕಾನೂನು ಅವರನ್ನು ಬೆದರಿಸಿ ಕರೆತಂದ ಮೇಲೆ ಮನಸ್ಸು ಬದಲಿಸಿದ. ರೂಢಿಯ ಸಂಕೋಲೆಯಲ್ಲಿ ಸಿಕ್ಕಿದ್ದವರನ್ನು ಭಯ ಬಿಡಿಸಿತು ಎಂದು ಸಮರ್ಥಿಸಿದ. ತನ್ನ ಸಂಕೋಲೆಯನ್ನು ಅರಿಯಲು ಕಂಡುಕೊಂಡ ಸತ್ಯ ಮತ್ತೊಬ್ಬರ ಮೇಲಿನ ಬಲಾತ್ಕಾರಕ್ಕೆ ಸಬೂಬಾಯಿತು. ಇದು ನನಗೆ ನೋವಿನ ಸಂಗತಿ, ಏಕೆಂದರೆ ಆ ಸತ್ಯವನ್ನು ಅವನಷ್ಟು ಪ್ರಾಮಾಣಿಕವಾಗಿ ಬರೆದವರು ವಿರಳ.

430ರ ಆಗಸ್ಟ್ 28ರಂದು, ವ್ಯಾಂಡಲರ ಸೇನೆ ಹಿಪ್ಪೋ ನಗರವನ್ನು ಮುತ್ತಿದ್ದಾಗ ಅಗಸ್ಟೀನ್ ತೀರಿಕೊಂಡ. ಜೂಲಿಯನ್‌ಗೆ ಬರೆಯುತ್ತಿದ್ದ ಉತ್ತರ ಅರ್ಧಕ್ಕೇ ನಿಂತಿತು. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳಿಗೂ ರಕ್ಷಣೆ ಸಿಗುತ್ತದೆಂದು ಆಶಿಸಲು ಗಟ್ಟಿ ಆಧಾರಗಳಿವೆ ಎಂದು ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ ಪ್ರಕಟಿಸಿದ್ದು 2007ರಲ್ಲಿ.