ಊರು ಬಿಟ್ಟವನ ಕಾಯಕ

ಕಾಯದಿಂದ ಮಾಡುವುದು ಕಾಯಕ. ಆ ಮಾತಿನೊಳಗೇ ಕಾಯವುಂಟು. ಹೀಗಿರಲು, ಕಾಯವು ಒಂದು ದೇಶದಲ್ಲಿದ್ದು ಕೆಲಸವು ಮತ್ತೊಂದು ದೇಶದಲ್ಲಿ ನಡೆಯುವಾಗ ಅದನ್ನು ಕಾಯಕವೆಂದು ಕರೆಯಬಹುದೇ? ತನ್ನ ಅಂಗಡಿಯನ್ನೋ ಉದ್ಯಮವನ್ನೋ ಊರಿನಲ್ಲಿ ಬಿಟ್ಟು, ಪರದೇಶಗಳಲ್ಲಿ ಸಂಚರಿಸುತ್ತ, ಅಲ್ಲಿಂದಲೇ ಅದನ್ನು ನಡೆಸುವ ಗೃಹಸ್ಥನು ಕಾಯಕಜೀವಿಯೇ, ಅಥವಾ ಪರರ ಕಾಯದಿಂದ ತನ್ನ ಕೆಲಸವನ್ನು ಮಾಡಿಸಿಕೊಳ್ಳುವವನೇ? ಈ ಪ್ರಶ್ನೆ ನಮ್ಮ ಹಿರಿಯರಿಗೆ ಬಂದಿರಲಿಲ್ಲ. ನಮಗೆ ಬಂದಿದೆ. ಈ ಸಾಲುಗಳನ್ನು ಬರೆಯುವವನಿಗೆ ಅದು ಪುಸ್ತಕದಿಂದ ಬಂದುದಲ್ಲ, ಸ್ವಂತ ತಪ್ಪಿನಿಂದ ಬಂದುದು. ಆದುದರಿಂದ ಸದ್ಭಕ್ತರ ಮುಂದೆ ಅದನ್ನು ಇಡಬೇಕೆನಿಸಿತು.

ಮೊದಲು ಒಂದು ಸಂಶಯವನ್ನು ನಿವಾರಿಸಿಕೊಳ್ಳೋಣ. ವ್ಯಾಪಾರಕ್ಕಾಗಿ ಊರು ಬಿಡುವುದು ದೋಷವೆಂದು ನಮ್ಮ ನಾಡು ಎಂದೂ ಭಾವಿಸಿದಂತಿಲ್ಲ. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘವು ದಕ್ಷಿಣ ದೇಶವನ್ನೆಲ್ಲ ಸುತ್ತಿತು, ಕಡಲನ್ನೂ ದಾಟಿತು. ಸುಮಾತ್ರಾ ದ್ವೀಪದ ಬರೂಸಿನ ಬಳಿ ದೊರೆತ, ಕ್ರಿ.ಶ. 1088ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರುಂಟು. ಅವರು ತಮ್ಮ ನಡವಳಿಕೆಯನ್ನು ವೀರಬಣಂಜು ಧರ್ಮವೆಂದು ಕರೆದುಕೊಂಡರು. ದೂರ ಹೋಗುವ ವರ್ತಕನಿಗೂ ಧರ್ಮವೊಂದು ಬೇಕೆಂಬುದು ಅವರಿಗೆ ತಿಳಿದಿತ್ತು. ಶರಣರಲ್ಲಿಯೂ ಹಾಗೆಯೇ. ಹರಿಹರ ಕವಿಯು ರಗಳೆಯಲ್ಲಿ ಕೊಂಡಾಡಿದ ಆದಯ್ಯನವರು ಸೌರಾಷ್ಟ್ರದಿಂದ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ವ್ಯಾಪಾರಕ್ಕೆಂದೇ ಬಂದವರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಹೊತ್ತರೆಂದು ಪರಂಪರೆ ಹೇಳುತ್ತದೆ.

ಅಷ್ಟೇ ಅಲ್ಲ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವರಿಗೆ ಸ್ಥಳದ ಬಂಧನವನ್ನು ಕುರಿತು ಹೊಸದಾಗಿ ಹೇಳಬೇಕಾದುದಿಲ್ಲ. ಗುಡಿಯಿದ್ದಲ್ಲಿಗೆ ಭಕ್ತನು ಹೋಗಬೇಕಾಗಿದ್ದ ಕಾಲದಲ್ಲಿ, ಭಕ್ತನಿದ್ದಲ್ಲಿಯೇ ಪೂಜೆ ನಡೆಯಲೆಂದು ಬಸವಾದಿ ಪ್ರಮಥರು ದಾರಿ ತೋರಿದರು. ಪೂಜೆಯೇ ಸ್ಥಳವನ್ನು ಬಿಟ್ಟು ನಡೆಯಬಲ್ಲದಾದರೆ ಕಾಯಕವೇಕೆ ನಡೆಯಬಾರದು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ನಾನೂ ಹಾಗೆಯೇ ಕೇಳಿಕೊಂಡಿದ್ದೆನು.

ಕಾಲವೂ ಇದಕ್ಕೆ ಅನುಕೂಲವಾಗಿ ಬಂದಿದೆ. ಅಂಗೈಯಗಲದ ಮೊಬೈಲು, ಮಡಿಸಿ ಚೀಲದಲ್ಲಿಡುವ ಕಂಪ್ಯೂಟರು, ಇವೆರಡಿದ್ದರೆ ಲೆಕ್ಕ, ಪತ್ರ, ಹಣದ ರವಾನೆ ಎಲ್ಲವೂ ಎಲ್ಲಿಂದಲಾದರೂ ನಡೆಯುತ್ತವೆ. ದೇಶಗಳೂ ಇಂಥ ಸಂಚಾರಿ ದುಡಿಮೆಗಾರರಿಗೆ ಬಾಗಿಲು ತೆರೆದಿವೆ. ಎಸ್ಟೋನಿಯಾ ದೇಶವು 2020ರ ಆಗಸ್ಟಿನಲ್ಲಿ, ಪೋರ್ಚುಗಲ್ 2022ರ ಅಕ್ಟೋಬರಿನಲ್ಲಿ, ಜಪಾನು 2024ರ ಮಾರ್ಚಿಯಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವೀಸಾಗಳನ್ನು ಏರ್ಪಡಿಸಿದವು.

ಇನ್ನು ನನ್ನ ವಿಚಾರ. ನನ್ನದು ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ಖರೀದಿ ವ್ಯಾಪಾರ. 2023ರ ಫೆಬ್ರವರಿಯಲ್ಲಿ ಮಗಳನ್ನು ನೋಡಲೆಂದು ಪತ್ನೀಸಮೇತನಾಗಿ ಪೋರ್ಚುಗಲ್ಲಿನ ಲಿಸ್ಬನ್ ನಗರಕ್ಕೆ ಹೋದೆನು. ಹನ್ನೊಂದು ವಾರ ಅಲ್ಲಿದ್ದೆನು. ಫೆಬ್ರವರಿ, ಮಾರ್ಚಿಗಳು ಮೆಣಸಿನಕಾಯಿಯ ಭರದ ದಿನಗಳು. ಅಂಗಡಿಯನ್ನು ಮುಚ್ಚಲು ಮನಸ್ಸಾಗಲಿಲ್ಲ; ಮಗಳ ಬಳಿಗೆ ಹೋಗುವುದನ್ನು ಮುಂದೂಡಲೂ ಮನಸ್ಸಾಗಲಿಲ್ಲ. ಎರಡನ್ನೂ ಉಳಿಸಿಕೊಳ್ಳುವ ಉಪಾಯ ಜೇಬಿನಲ್ಲಿಯೇ ಇತ್ತು. ಇಪ್ಪತ್ತೆರಡು ವರ್ಷಗಳಿಂದ ನಮ್ಮಲ್ಲಿರುವ ಗುಮಾಸ್ತರು ಮಾರುಕಟ್ಟೆಗೆ ಹೋಗಿ ರಾಶಿಗಳ ಚಿತ್ರಗಳನ್ನು ಕಳುಹಿಸುವುದು, ನಾನು ನೋಡಿ ದರ ಹೇಳುವುದು, ಅವರು ಟೆಂಡರಿಗೆ ನಮೂದಿಸುವುದು ಎಂದು ಗೊತ್ತುಮಾಡಿಕೊಂಡೆವು.

ಬ್ಯಾಡಗಿಯಲ್ಲಿ ಹನ್ನೊಂದು ಗಂಟೆಯಾದಾಗ ಲಿಸ್ಬನ್ನಿನಲ್ಲಿ ಬೆಳಗಿನ ಐದೂವರೆ. ಅದು ನನ್ನ ಪೂಜೆಯ ಹೊತ್ತು. ಎಡಗೈಯಲ್ಲಿ ಲಿಂಗ, ಪಕ್ಕದಲ್ಲಿ ಮೊಬೈಲು. ಮೊದಲ ವಾರ ಪೂಜೆ ಮುಗಿಯುವವರೆಗೆ ಕಾಯುತ್ತಿದ್ದೆನು. ಎರಡನೆಯ ವಾರ ಪೂಜೆ ಚಿಕ್ಕದಾಯಿತು. ಮೂರನೆಯ ವಾರ ಪೂಜೆಯೇ ಹಿಂದಕ್ಕೆ ಸರಿಯಿತು. ಸಂಜೆ ಆರು ಗಂಟೆಗೆ, ತೇಜೊ ನದಿಯ ದಡದಲ್ಲಿ ತಿರುಗಾಡಿ ಬಂದು, ದಿನದ ಲೆಕ್ಕ ಕೇಳುತ್ತಿದ್ದೆನು. ಆಗ ಬ್ಯಾಡಗಿಯಲ್ಲಿ ರಾತ್ರಿ ಹನ್ನೊಂದೂವರೆ. ಗುಮಾಸ್ತರು ನಿದ್ದೆಗಣ್ಣಿನಲ್ಲಿ ಲೆಕ್ಕ ಹೇಳುತ್ತಿದ್ದರು. ಅವರ ಮನೆಯ ದೀಪ ನನಗಾಗಿ ಉರಿಯುತ್ತಿದೆಯೆಂಬುದು ನನಗೆ ಹೊಳೆಯಲಿಲ್ಲ.

ಮಾರ್ಚಿಯಲ್ಲಿ ಒಂದು ರಾಶಿಯ ಚಿತ್ರ ಬಂದಿತು. ಕಡುಗೆಂಪು, ಒಳ್ಳೆಯ ಸುಕ್ಕು. ನಮ್ಮ ಕಾಯಿಗೆ ಬೆಲೆಯಿರುವುದೇ ಬಣ್ಣಕ್ಕೆ. ಖಾರ ಕಡಿಮೆ, ಬಣ್ಣ ಹೆಚ್ಚು. ಭೌಗೋಳಿಕ ಗುರುತಿನ ಮನ್ನಣೆ 2011ರಲ್ಲಿ ದೊರೆತುದೂ ಇಂಥ ಗುಣಗಳಿಗಾಗಿಯೇ. ಗುಮಾಸ್ತರು ಮಾತ್ರ, ಕಾಯಿ ಕೈಗೆ ಭಾರವೆನಿಸುತ್ತದೆ, ಬಿಟ್ಟುಬಿಡೋಣ ಎಂದರು. ನಾನು ಒಪ್ಪಲಿಲ್ಲ. ದರ ಏರಿಸಿ ಕೊಳ್ಳುವಂತೆ ಹೇಳಿದೆನು. ಅರುವತ್ತು ಚೀಲ ಬಂದವು. ಒಳಗೆ ತೇವವಿತ್ತು. ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿದು, ಕೊಂಡವರು ಮರಳಿಸಿದರು. ಸುದ್ದಿ ಬಂದ ದಿನ ನಾನು ದೂರವಾಣಿಯಲ್ಲಿ ಗುಮಾಸ್ತರನ್ನು ಬೈದೆನು. ಹಮಾಲರು ಸುತ್ತ ನಿಂತಿದ್ದರಂತೆ. ನನ್ನ ಧ್ವನಿ ಎಲ್ಲರಿಗೂ ಕೇಳಿಸಿತಂತೆ. ಅವರು ಎದುರಾಡಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಮರಳಿದಾಗ ಅವರು ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಒಂದೇ ಮಾತು ಹೇಳಿದರು: “ನೀವು ನೋಡಿದ್ದು ಬಣ್ಣ, ಸಾವ್ಕಾರ್ರ. ಹಸಿ ಇದ್ದದ್ದು ಕೈಗಷ್ಟ ಗೊತ್ತಾಗ್ತೈತಿ. ಕೈ ನಂದಿತ್ತು, ಮಾತು ನಿಮ್ದಿತ್ತು.”

ಈ ಮಾತನ್ನು ಅನೇಕ ದಿನ ಮೆಲುಕು ಹಾಕಿದೆನು. ಕಾಯಕದಲ್ಲಿ ಕಾಯ ಏಕಿದೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಕೆಲಸದ ಸತ್ಯವು ಅದನ್ನು ಮುಟ್ಟಿದ ಕೈಗೆ ಮೊದಲು ತಿಳಿಯುತ್ತದೆ. ಮುಟ್ಟಿದವನ ಮಾತನ್ನು ಮುಟ್ಟದವನು ತಳ್ಳಿಹಾಕಿದರೆ ಅಲ್ಲಿ ಕಾಯಕವಿಲ್ಲ, ಒಡೆತನವಿದೆ.

ಹಿಂದಿನ ಸಂಚಾರಿ ವರ್ತಕನಿಗೂ ನನಗೂ ಇದ್ದ ಅಂತರವನ್ನು ಇಲ್ಲಿ ಪರಿಶೀಲಿಸಬೇಕು. ಲಿಸ್ಬನ್ನಿನ ಬೆಲೇಂ ಎಂಬ ದಡದಿಂದಲೇ ವಾಸ್ಕೊ ಡ ಗಾಮನು 1497ರಲ್ಲಿ ಹೊರಟು ಮರುವರ್ಷ ಕಲ್ಲಿಕೋಟೆಯ ತೀರವನ್ನು ಮುಟ್ಟಿದುದು. ಅವನ ಹಿಂದೆ ಬಂದ ಪೋರ್ಚುಗೀಸರೇ ಅಮೆರಿಕದ ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದರೆಂಬುದು ಪ್ರಸಿದ್ಧ. ಕಲ್ಯಾಣದ ಶರಣರ ಅಡಿಗೆಯಲ್ಲಿ ಇಲ್ಲದಿದ್ದ ಈ ಕಾಯಿಯೇ ಇಂದು ನಮ್ಮ ಮನೆಯ ಅನ್ನ. ಆ ಕಾಲದಲ್ಲಿ ಗಾಳಿಯನ್ನು ನಂಬಿ ಹೊರಟ ಹಡಗಿನ ಕಾಗದಕ್ಕೆ ಉತ್ತರ ಬರಬೇಕಾದರೆ ವರುಷ ಕಳೆಯುತ್ತಿತ್ತು. ಆದುದರಿಂದ ದೂರ ಹೋಗುವ ವರ್ತಕನು, ಪುಣ್ಯಾತ್ಮನಾಗಲಿ ಪಾಪಿಯಾಗಲಿ, ಊರಿನಲ್ಲಿ ಉಳಿದವನಿಗೆ ಕೆಲಸದೊಡನೆ ಅಧಿಕಾರವನ್ನೂ ಒಪ್ಪಿಸಿಯೇ ಹೋಗಬೇಕಾಗಿತ್ತು. ನಂಬದೆ ಗತಿಯಿರಲಿಲ್ಲ. ನಾನು ಹಾಗೆ ಮಾಡಲಿಲ್ಲ. ಬಿಸಿಲು, ಧೂಳು, ಹಮಾಲರ ಜಗಳ, ರೈತರ ಅಸಮಾಧಾನ ಇವನ್ನೆಲ್ಲ ಗುಮಾಸ್ತರಿಗೆ ಬಿಟ್ಟೆನು. ಅಧಿಕಾರವನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಹೋದೆನು. ಈ ಯಂತ್ರವು ನಮಗೆ ಕೊಟ್ಟಿರುವ ಸೌಲಭ್ಯ ದೊಡ್ಡದು. ಆದರೆ ಭಾರವನ್ನೂ ಅಧಿಕಾರವನ್ನೂ ಬೇರ್ಪಡಿಸುವ ಆಶೆಯನ್ನೂ ಅದು ಒಡನೆಯೇ ಕೊಟ್ಟಿದೆ. ದೂರದಿಂದ ವ್ಯವಹಾರ ನಡೆಸುವವನ ಮೊದಲನೆಯ ಪರೀಕ್ಷೆ ಇದೇ ಎಂದು ನನ್ನ ನಂಬುಗೆ.

ಎರಡನೆಯದು ಹೋದ ನೆಲದ ಋಣ. ಪ್ರವಾಸಿಗೆ ದೊರೆಯುವ ಪ್ರವೇಶವು ನೋಡುವುದಕ್ಕೆ, ನಂಟರನ್ನು ಕಾಣುವುದಕ್ಕೆ. ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಹಾಗೆ ಇರಬಹುದು. ಅಲ್ಲಿ ಕುಳಿತು ತನ್ನೂರಿನ ವ್ಯವಹಾರವನ್ನು ನಿತ್ಯ ನಡೆಸಬಹುದೇ ಎಂಬುದಕ್ಕೆ ದೇಶದಿಂದ ದೇಶಕ್ಕೆ ನಿಯಮ ಬೇರೆ. ಕೇಳಿ ತಿಳಿದುಕೊಂಡು ಹೋಗುವುದೇ ಲೇಸು. ನಾನು ಕೇಳಲಿಲ್ಲ. ಏಕೆ ಬಂದಿರೆಂದು ನಿಲ್ದಾಣದಲ್ಲಿ ವಿಚಾರಿಸಿದಾಗ ಮಗಳನ್ನು ನೋಡಲು ಎಂದೆನು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ತೆರಿಗೆಯ ಮಾತೂ ಹೀಗೆಯೇ. ಪೋರ್ಚುಗಲ್ಲಿನಲ್ಲಿ ಹನ್ನೆರಡು ತಿಂಗಳೊಳಗೆ 183 ದಿನಕ್ಕಿಂತ ಹೆಚ್ಚು ಇದ್ದವನನ್ನು ಅಲ್ಲಿಯ ನಿವಾಸಿಯೆಂದು ಎಣಿಸುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ 182 ದಿನದ ಲೆಕ್ಕ. ಎಲ್ಲಿಯೂ ನಿವಾಸಿಯಾಗದಂತೆ ದಿನಗಳನ್ನು ಎಣಿಸುತ್ತ ದೇಶದಿಂದ ದೇಶಕ್ಕೆ ಜಾರುವ ಜಾಣರೂ ಉಂಟು. ಕಾನೂನು ಅದನ್ನು ಸಹಿಸಬಹುದು. ಆದರೆ ರಸ್ತೆ, ನೀರು, ಆಸ್ಪತ್ರೆ, ಕಾವಲು ಎಲ್ಲವನ್ನೂ ಎಲ್ಲೆಡೆಯೂ ಬಳಸಿ ಎಲ್ಲಿಯೂ ಏನನ್ನೂ ಸಲ್ಲಿಸದವನನ್ನು ದಾಸೋಹಿಯೆನ್ನಲಾದೀತೇ?

ನಾವು ಅಲ್ಲಿದ್ದಾಗಲೇ, 2023ರ ಏಪ್ರಿಲ್ 1ರಂದು, ಲಿಸ್ಬನ್ನಿನ ಬೀದಿಗಳಲ್ಲಿ ಸಾವಿರಾರು ಜನರು ವಾಸಕ್ಕೆ ಮನೆ ಬೇಕೆಂದು ಮೆರವಣಿಗೆ ನಡೆಸಿದರು. ಬಾಡಿಗೆ ಏರಿ ಊರಿನವರೇ ಊರಿನಲ್ಲಿ ನೆಲೆಸಲಾರದೆ ಹೋಗುತ್ತಿದ್ದಾರೆಂಬುದು ಅವರ ಅಳಲು. ಸಂಬಳ ಕಡಿಮೆಯಿರುವುದು, ಪ್ರವಾಸೋದ್ಯಮ, ಪರದೇಶದ ಹಣ ಹೀಗೆ ಅದಕ್ಕೆ ಕಾರಣಗಳು ಹಲವು. ಸಂಚಾರಿ ದುಡಿಮೆಗಾರರೊಬ್ಬರನ್ನೇ ದೂರುವುದು ತರವಲ್ಲ. ಆದರೂ ಹೊರಗಿನ ಗಳಿಕೆಯನ್ನು ತಂದು ಅಗ್ಗದ ಊರನ್ನು ಹುಡುಕುವವನು ಆ ಊರನ್ನು ದುಬಾರಿ ಮಾಡುವುದರಲ್ಲಿ ತನ್ನ ಪಾಲೆಷ್ಟೆಂದು ಕೇಳಿಕೊಳ್ಳಬೇಕು. ಆದಯ್ಯನವರು ವ್ಯಾಪಾರಕ್ಕೆ ಬಂದ ಪುಲಿಗೆರೆಯನ್ನು ಬರಿಯ ಸಂತೆಯೆಂದು ಎಣಿಸಲಿಲ್ಲ. ಆ ನೆಲದ ಸುಖದುಃಖಗಳಲ್ಲಿ ಒಂದಾದರು. ಸೌರಾಷ್ಟ್ರದ ಸೋಮನಾಥನನ್ನೇ ಅಲ್ಲಿಗೆ ಕರೆತಂದರೆಂದು ಅವರ ಕಥೆ.

ಮೂರನೆಯ ಪರೀಕ್ಷೆ ಎಲ್ಲಕ್ಕಿಂತ ಸೂಕ್ಷ್ಮವಾದುದು: ನಾವು ವ್ಯವಹಾರವನ್ನು ಏಕೆ ಹೊತ್ತುಕೊಂಡು ಹೋಗುತ್ತೇವೆ? ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇಷ್ಟು ನಮಗೇಕೆಂದು ಲಕ್ಕಮ್ಮನವರು ಮರಳಿಸಿ ಬರಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದು. ಆ ತಾಯಿ ನನ್ನ ಲಿಸ್ಬನ್ನಿನ ಪಯಣದ ಗಂಟನ್ನು ಬಿಚ್ಚಿ ನೋಡಿದ್ದರೆ ಏನೆನ್ನುತ್ತಿದ್ದರು? ಮಗಳ ಪ್ರೀತಿಯೂ ಬೇಕು, ಹಂಗಾಮಿನ ಲಾಭವೂ ಬೇಕು, ಸಮುದ್ರದ ಗಾಳಿಯೂ ಬೇಕು, ಒಂದನ್ನೂ ಬಿಡಲಾರೆ. ಕೊನೆಗೆ ಮಗಳೊಡನೆ ಕುಳಿತಾಗ ಮನಸ್ಸು ಮಾರುಕಟ್ಟೆಯಲ್ಲಿರುತ್ತಿತ್ತು. ಹಿಂದಿರುಗುವ ದಿನ ಮಗಳು, “ಅಪ್ಪಾ, ನೀವು ಬಂದದ್ದು ಯಾವಾಗ?” ಎಂದು ನಕ್ಕಳು. ನಗುವಿನೊಳಗೆ ನೋವಿತ್ತು.

ಹಾಗಾದರೆ ಇಂಥ ಸಂಚಾರವನ್ನೇ ಬಿಡಬೇಕೇ? ಹಾಗೆ ಹೇಳಲಾರೆ. ವಿವಾಹವಾಗಿ ದೂರ ಹೋದ ಮಕ್ಕಳಿದ್ದಾರೆ, ಹೊಸ ಗಿರಾಕಿಗಳನ್ನು ಹುಡುಕಬೇಕಾದ ಉದ್ಯಮಗಳಿವೆ, ಲೋಕವನ್ನು ಕಂಡು ಬುದ್ಧಿ ಬೆಳೆಸಿಕೊಳ್ಳಬೇಕಾದ ತರುಣರಿದ್ದಾರೆ. ಬರಹ, ಲೆಕ್ಕ, ಚಿತ್ರರಚನೆ, ಕಂಪ್ಯೂಟರಿನ ಕೆಲಸ ಮೊದಲಾದವುಗಳಲ್ಲಿ ಕೆಲಸವನ್ನು ಮುಟ್ಟುವ ಕೈ ಸಂಚಾರಿಯದೇ ಆಗಿರುತ್ತದೆ. ಅವನ ಕಾಯ ಎಲ್ಲಿದೆಯೋ ಅವನ ಕಾಯಕವೂ ಅಲ್ಲಿಯೇ ಇದೆ. ಅಂಥವನಿಗೆ ನನ್ನ ಮೊದಲ ದೋಷ ತಟ್ಟದಿರಬಹುದು. ಉಳಿದೆರಡು ಅವನನ್ನೂ ಬಿಡವು.

ಮೊದಲು ಎತ್ತಿದ ಪ್ರಶ್ನೆಗೆ ಇಷ್ಟಲಿಂಗವೇ ಉತ್ತರ ಹೇಳುತ್ತದೆ. ಪೂಜೆ ಸ್ಥಳವನ್ನು ಬಿಟ್ಟಿತು, ನಿಜ. ಆದರೆ ನಿಯಮವನ್ನು ಬಿಡಲಿಲ್ಲ. ಗುಡಿಯಲ್ಲಿಯಾದರೆ ಪೂಜಾರಿಯೊಬ್ಬನು ಹೊತ್ತುಹೊತ್ತಿಗೆ ಗಂಟೆ ಬಾರಿಸುತ್ತಾನೆ. ಭಕ್ತನು ತಪ್ಪಿಸಿದರೂ ಪೂಜೆ ತಪ್ಪದು. ಅಂಗೈಯ ಲಿಂಗಕ್ಕೆ ಗಂಟೆ ಬಾರಿಸುವವರು ಬೇರೊಬ್ಬರಿಲ್ಲ. ಆದುದರಿಂದಲೇ ಅಲ್ಲಿ ನಿಷ್ಠೆ ಹೆಚ್ಚಾಗಿ ಬೇಕು. ಕಾಯಕವೂ ಹಾಗೆಯೇ. ಅಂಗಡಿಯ ಗೋಡೆಗಳು, ಎದುರಿನ ಗಿರಾಕಿ, ಪಕ್ಕದ ಗುಮಾಸ್ತ ಇವರೆಲ್ಲ ನಮ್ಮನ್ನು ನಮಗರಿಯದಂತೆ ನೇರವಾಗಿಡುತ್ತಾರೆ. ಊರು ಬಿಟ್ಟವನು ಆ ನೇರವನ್ನು ತಾನೇ ಕಾಯ್ದುಕೊಳ್ಳಬೇಕು.

ಗುಮಾಸ್ತರ ಮನೆಗೆ ಹೋಗಿ ತಪ್ಪನ್ನು ಒಪ್ಪಿಕೊಂಡೆನು. ಮರುದಿನ ಹಮಾಲರ ಮುಂದೆಯೂ ಒಪ್ಪಿಕೊಂಡೆನು. ಬೈದದ್ದು ಅವರ ಮುಂದಲ್ಲವೇ? ಬೀಗದ ಕೈಗಳನ್ನು ಅವರು ಮತ್ತೆ ತೆಗೆದುಕೊಂಡರು. ಆಮೇಲೆ ಮೂರು ನಿಯಮಗಳನ್ನು ಮಾಡಿಕೊಂಡೆವು. ನಾನು ದೂರವಿರುವಾಗ ಕಾಯಿಯನ್ನು ಮುಟ್ಟಿದವರದೇ ಕೊನೆಯ ಮಾತು. ನಷ್ಟವಾದರೆ ನನ್ನದು, ಲಾಭವಾದರೆ ಅವರಿಗೂ ಪಾಲುಂಟು. ಅವರ ಊಟ ನಿದ್ದೆಗಳ ಹೊತ್ತಿನಲ್ಲಿ ಕರೆ ಮಾಡುವಂತಿಲ್ಲ. ಹೊತ್ತಿನ ಅಂತರದ ಕಷ್ಟವನ್ನು ಊರು ಬಿಟ್ಟವನೇ ಹೊರಬೇಕು. ಹೋದ ದೇಶದಲ್ಲಿ ಕೆಲಸ ಮಾಡಲು ಅನುಮತಿಯಿಲ್ಲವೆಂದಾದರೆ ಕೆಲಸವನ್ನು ಊರಿನಲ್ಲಿಯೇ ಬಿಟ್ಟು, ತಂದೆಯಾಗಿ ಮಾತ್ರ ಹೋಗಬೇಕು.

2025ರಲ್ಲಿ ಮತ್ತೆ ಮಗಳಲ್ಲಿಗೆ ಹೋಗಿದ್ದೆನು, ಹಂಗಾಮು ಮುಗಿದ ಮೇಲೆ, ಇಪ್ಪತ್ತು ದಿನ. ಬೆಳಗಿನ ಐದೂವರೆಗೆ ಎದ್ದು ಪೂಜೆಗೆ ಕುಳಿತೆನು. ಮೊಬೈಲು ಪಕ್ಕದ ಕೋಣೆಯಲ್ಲಿತ್ತು. ಅಂಗಡಿ ನಡೆಯುತ್ತಿತ್ತು, ನಡೆಸುವವರು ಅಲ್ಲಿದ್ದರು. ಅವರ ಕಾಯಕವನ್ನು ನನ್ನದೆಂದು ಹೇಳಿಕೊಳ್ಳುವ ಅವಶ್ಯಕತೆ ಅಂದು ಉಳಿದಿರಲಿಲ್ಲ.